ನೀತಿಪಾಠ ಇಲ್ಲದ ಪುಸ್ತಕದ ನೀತಿ

ಕೆಲವು ವರ್ಷಗಳ ಹಿಂದೆ ಪುಸ್ತಕ ಮೇಳವೊಂದರಲ್ಲಿ ಮೂರು ವರ್ಷದ ಮೊಮ್ಮಗಳಿಗಾಗಿ ಚಿತ್ರಪುಸ್ತಕ ಹುಡುಕುತ್ತಿದ್ದೆ. ಪಕ್ಕದಲ್ಲಿದ್ದ ಪುಟ್ಟ ಹುಡುಗನೊಬ್ಬ ಒಂದು ಪುಸ್ತಕ ಹಿಡಿದು ನಗುತ್ತಿದ್ದ. ಹಗ್ಗದ ಮೇಲೆ ಒಣಹಾಕಿದ ಬಟ್ಟೆಗಳನ್ನು ಆಡೊಂದು ತಿನ್ನುತ್ತಾ ಹೋಗುವ ಕತೆ ಅದು. ಹುಡುಗನ ತಂದೆ ಪುಟಗಳನ್ನು ತಿರುವಿ ಹಾಕಿ ಅಂಗಡಿಯವನನ್ನು ಕೇಳಿದರು: "ಇದರಲ್ಲಿ ನೀತಿ ಏನಿದೆ?" ಅಂಗಡಿಯವನಿಗೆ ಉತ್ತರ ಹೊಳೆಯಲಿಲ್ಲ. ಪುಸ್ತಕ ಮತ್ತೆ ರಾಶಿಗೆ ಸೇರಿತು.

ಆ ತಂದೆಯನ್ನು ನಾನು ದೂರಲಾರೆ. ನನ್ನ ಮಕ್ಕಳು ಚಿಕ್ಕವರಿದ್ದಾಗ ನಾನೂ ಅದೇ ಪ್ರಶ್ನೆ ಕೇಳಿ ಪುಸ್ತಕ ಕೊಂಡವಳು. ಸುಳ್ಳು ಹೇಳಬಾರದು, ಹಿರಿಯರ ಮಾತು ಮೀರಬಾರದು ಎಂದು ಕೊನೆಯ ಪುಟದಲ್ಲಿ ಸಾರುವ ಪುಸ್ತಕಗಳವು. ಓದುತ್ತಾ ನನಗೇ ಆಕಳಿಕೆ ಬರುತ್ತಿತ್ತು. ಆದರೂ ಮಕ್ಕಳೆದುರು ಖುಷಿಪಟ್ಟಂತೆ ನಟಿಸುತ್ತಿದ್ದೆ. ಸತ್ಯದ ಪಾಠವನ್ನು ಸುಳ್ಳು ನಗೆಯೊಂದಿಗೆ ಕಲಿಸುತ್ತಿದ್ದೇನೆಂದು ಆಗ ತಿಳಿಯಲಿಲ್ಲ. ಮಕ್ಕಳಿಗೆ ತಿಳಿದಿತ್ತೇನೋ. ಆ ಪುಸ್ತಕಗಳನ್ನು ಅವರು ಇನ್ನೊಮ್ಮೆ ಓದೆಂದು ತರಲೇ ಇಲ್ಲ.

ಪುಟ್ಟ ಮಗುವಿಗೆ ಪುಸ್ತಕ ಆರಿಸುವುದು ನೈತಿಕ ಪ್ರಶ್ನೆಯೇ? ಖಂಡಿತ ಹೌದು. ಆದರೆ ಆ ನೀತಿ ಕತೆಯ ಕೊನೆಯ ಸಾಲಿನಲ್ಲಿಲ್ಲ. ಮಗುವನ್ನು ನಾವು ಏನೆಂದು ಬಗೆದಿದ್ದೇವೆ ಎಂಬುದರಲ್ಲಿದೆ. ಅದು ನಾವು ತುಂಬಿಸಬೇಕಾದ ಖಾಲಿ ಕೊಡವೇ? ಅಥವಾ ನಮ್ಮ ಜೊತೆ ಕುಳಿತು ತನ್ನದೇ ಕಣ್ಣಿನಿಂದ ಲೋಕ ನೋಡುತ್ತಿರುವ ಜೀವವೇ?

ಇಂಗ್ಲೆಂಡಿನ ಪ್ಯಾಟ್ ಹಚಿನ್ಸ್ 1968ರಲ್ಲಿ 'ರೋಸೀಸ್ ವಾಕ್' ಎಂಬ ಚಿತ್ರಪುಸ್ತಕ ಹೊರತಂದರು. ಕತೆಯಲ್ಲಿರುವುದು ಕೇವಲ 32 ಪದಗಳು. ಕೋಳಿಯೊಂದು ಅಂಗಳ, ಕೆರೆ ಸುತ್ತಿಕೊಂಡು ಊಟದ ಹೊತ್ತಿಗೆ ಗೂಡಿಗೆ ಮರಳುತ್ತದೆ, ಅಷ್ಟೇ. ಚಿತ್ರಗಳಲ್ಲಾದರೋ ಒಂದು ನರಿ ಅದರ ಬೆನ್ನ ಹಿಂದೆಯೇ ಬರುತ್ತಾ, ಮೇಲೆರಗಲು ಹೋಗಿ ಪ್ರತಿ ಸಲವೂ ಪೇಚಿಗೆ ಸಿಲುಕುತ್ತದೆ. ಬರಹದಲ್ಲಿ ನರಿಯ ಸುದ್ದಿಯೇ ಇಲ್ಲ. ಅಕ್ಷರ ಬಲ್ಲ ನಾನು ಕೋಳಿಯ ಕತೆ ಓದುತ್ತಿದ್ದರೆ, ಅಕ್ಷರ ಬಾರದ ಮೊಮ್ಮಗಳು "ದಾದಿಮಾ, ನರಿ!" ಎಂದು ನನ್ನನ್ನು ತಡೆದಳು. ಆ ಗಳಿಗೆಯಲ್ಲಿ ಅವಳೇ ಓದುಗಳು, ನಾನು ಕೇಳುಗಳು. ಹಿರಿಯರನ್ನು ಗೌರವಿಸು ಎಂದು ಹೇಳುವ ಪುಸ್ತಕಗಳು ಬೇಕಾದಷ್ಟಿವೆ. ಕಿರಿಯರ ಕಣ್ಣನ್ನು ಗೌರವಿಸಲು ಹಿರಿಯರಿಗೆ ಕಲಿಸುವ ಪುಸ್ತಕ ಅಪರೂಪ.

ಹಾಗಾದರೆ ಸದ್ಗುಣ ಕಲಿಸುವುದು ಬೇಡವೇ ಎಂದು ನೀವು ಕೇಳಬಹುದು. ಬೇಕು. ಆದರೆ ಮೂರು ವರ್ಷದ ಮಗು ಪ್ರಾಮಾಣಿಕತೆಯನ್ನು ಕಲಿಯುವುದು ಮನೆಯವರ ನಡೆಯಿಂದ. ನಾವು ಮಾಡಬೇಕಾದ ಕೆಲಸವನ್ನು ಪುಸ್ತಕದ ತಲೆಗೆ ಕಟ್ಟುವುದು ಸರಿಯಲ್ಲ.

ಇನ್ನೊಂದು ಪ್ರಶ್ನೆಯಿದೆ. ಚಿತ್ರದಲ್ಲಿ ಯಾರಿದ್ದಾರೆ? 1965ರಲ್ಲಿ ಅಮೆರಿಕದ ನ್ಯಾನ್ಸಿ ಲ್ಯಾರಿಕ್ ಎಂಬವರು ಹಿಂದಿನ ಮೂರು ವರ್ಷಗಳಲ್ಲಿ ಅಲ್ಲಿ ಪ್ರಕಟವಾದ 5,206 ಮಕ್ಕಳ ಪುಸ್ತಕಗಳ ಲೆಕ್ಕ ತೆಗೆದರು. ಕಪ್ಪು ಜನಾಂಗದ ಒಬ್ಬರಾದರೂ ಇದ್ದದ್ದು 349ರಲ್ಲಿ ಮಾತ್ರ. ಅದಕ್ಕೂ ಮೊದಲೇ, 1962ರಲ್ಲಿ, ಎಜ್ರಾ ಜ್ಯಾಕ್ ಕೀಟ್ಸ್ 'ದಿ ಸ್ನೋಯಿ ಡೇ' ಪುಸ್ತಕದಲ್ಲಿ ಹಿಮದಲ್ಲಿ ಆಡುವ ಪೀಟರ್ ಎಂಬ ಕಪ್ಪು ಹುಡುಗನನ್ನು ಚಿತ್ರಿಸಿದ್ದರು. ಅವನ ಬಣ್ಣದ ಬಗ್ಗೆ ಬರಹದಲ್ಲಿ ಒಂದು ಮಾತೂ ಇಲ್ಲ. ಅವನು ಆಟವಾಡುವ ಒಂದು ಮಗು, ಅಷ್ಟೇ.

ನಮ್ಮಲ್ಲೂ ಟೋಪಿ ತೊಟ್ಟ ಹುಡುಗ ಹಬ್ಬದ ಪುಟದಲ್ಲೋ ಐಕ್ಯದ ಚಿತ್ರದಲ್ಲೋ ಬಂದು ನಿಲ್ಲುವುದೇ ಹೆಚ್ಚು. ಅವನೂ ಚಪ್ಪಲಿ ಕಳೆದುಕೊಳ್ಳಲಿ, ಕತ್ತಲಿಗೆ ಹೆದರಲಿ, ಬೆಕ್ಕಿನ ಹಿಂದೆ ಓಡಲಿ. ಹಾಗೆಂದು ನಮ್ಮ ಮನೆಯ ಕಪಾಟಿನಲ್ಲಿ ನಮ್ಮವರದೇ ಚಿತ್ರಗಳು ತುಂಬಿದ್ದರೆ ಅದೂ ಅದೇ ತಪ್ಪು. ನೆರೆಮನೆಯ ಮಗು, ಗುಡಿಸಲಿನ ಮಗು, ಗಾಲಿಕುರ್ಚಿಯ ಮಗು ನಮ್ಮ ಮಗುವಿಗೆ ಮೊದಲು ಪರಿಚಯವಾಗುವುದು ಕರುಣೆಯ ಪಾತ್ರವಾಗಿ ಅಲ್ಲ, ಆಟದ ಜೊತೆಗಾರನಾಗಿ ಆಗಬೇಕು.

ಪುಸ್ತಕಗಳು ದುಬಾರಿ ಎನ್ನುವುದು ಪೂರ್ತಿ ನಿಜವಲ್ಲ. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕತೆಗಳನ್ನು ಉಚಿತವಾಗಿ ಓದಬಹುದು. ಆದರೆ ಮೊಬೈಲನ್ನು ಮಗುವಿನ ಕೈಗಿತ್ತು ಎದ್ದು ಹೋಗಬೇಡಿ. ಜೊತೆಗೆ ಕುಳಿತುಕೊಳ್ಳಿ. ಬರಹ ಕನ್ನಡದಲ್ಲಿದ್ದರೂ ಚಿತ್ರದ ಬಗ್ಗೆ ಮನೆಮಾತಿನಲ್ಲೇ ಹರಟಿ. ಉರ್ದುವಾಗಲಿ, ಬ್ಯಾರಿಯಾಗಲಿ, ತುಳುವಾಗಲಿ, ಚಿತ್ರಕ್ಕೆ ಎಲ್ಲ ಭಾಷೆಯೂ ಬರುತ್ತದೆ. ಆರಿಸುವಾಗ ನಿಮ್ಮನ್ನೇ ಒಂದು ಮಾತು ಕೇಳಿಕೊಳ್ಳಿ: ಇದನ್ನು ನಾಳೆಯೂ ನಾನು ಮನಸಾರೆ ಓದಬಲ್ಲೆನೇ? ಯಾಕೆಂದರೆ ಮಗು ಖಂಡಿತ ನಾಳೆಯೂ ಕೇಳುತ್ತದೆ.

ಅಂದು ರಾಶಿಗೆ ಮರಳಿದ ಆಡಿನ ಪುಸ್ತಕವನ್ನು ನಾನೇ ಕೊಂಡುತಂದೆ. ಈಗ ಅದರ ಅಂಚು ಹರಿದಿದೆ, ಒಂದು ಪುಟಕ್ಕೆ ಚಹಾದ ಕಲೆ ತಾಗಿದೆ. ಅದರ ನೀತಿ ಏನೆಂದು ನನಗೆ ಇಂದಿಗೂ ಹೇಳಲು ಬಾರದು. ಆದರೆ ಆಡು ದಾದಿಮಾಳ ದುಪಟ್ಟಾ ತಿನ್ನುವ ಪುಟ ಬಂದಾಗ ನಾವಿಬ್ಬರೂ ನಗುತ್ತೇವೆ. ಆ ನಗುವಿನಲ್ಲಿ ನನ್ನ ನಟನೆ ಇಲ್ಲ.