ಎದುರಿಗಿಲ್ಲದ ರೋಗಿ

2014ರಲ್ಲಿ ಪ್ರಾಜೆಕ್ಟ್ ಕೆಲಸದ ಮೇಲೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾಗ ನನ್ನ ಮೊಣಕಾಲು ಕೈಕೊಟ್ಟಿತು. ಅಲ್ಲಿ ನೇರವಾಗಿ ತಜ್ಞರ ಬಳಿ ಹೋಗುವಂತಿಲ್ಲ. ಮೊದಲು ಜಿಪಿ, ಅಂದರೆ ಬಡಾವಣೆಯ ಫ್ಯಾಮಿಲಿ ಡಾಕ್ಟರು. ಆಕೆ ಕಾಲು ಮಡಚಿಸಿ, ಚಾಚಿಸಿ ನೋಡಿ, "ಸ್ಕ್ಯಾನ್ ಈಗ ಬೇಡ, ಆರು ವಾರ ಫಿಸಿಯೋಥೆರಪಿ ಮಾಡಿ" ಎಂದರು. ಪುಣೆಯಲ್ಲಾಗಿದ್ದರೆ ಸಂಜೆಯೊಳಗೆ ರಿಪೋರ್ಟ್ ಕೈಯಲ್ಲಿರುತ್ತಿತ್ತು ಎಂದು ಮನಸ್ಸಿನಲ್ಲೇ ಬೈದುಕೊಂಡು ಬಂದೆ.

ಆಕೆಯ ಕ್ಲಿನಿಕ್ಕಿಗೆ ಊರಿನ ಚಿಕಿತ್ಸೆಯ ಹಣದ ಹೊಣೆಯೂ ಇದೆ ಎಂಬುದು ಆಮೇಲೆ ಗೊತ್ತಾಯಿತು. ಇದಕ್ಕೊಂದು ಹಿನ್ನೆಲೆಯಿದೆ. 1991ರಲ್ಲಿ ಅಲ್ಲಿನ ಸರ್ಕಾರ ದೊಡ್ಡ ಕ್ಲಿನಿಕ್‌ಗಳ ಕೈಗೇ ಹಣ ಕೊಟ್ಟಿತು: ನಿಮ್ಮ ರೋಗಿಗಳಿಗೆ ಬೇಕಾದ ಆಸ್ಪತ್ರೆ ಸೇವೆ ನೀವೇ ಕೊಳ್ಳಿ, ಉಳಿದರೆ ಕ್ಲಿನಿಕ್ಕಿನ ಸುಧಾರಣೆಗೆ ಬಳಸಿಕೊಳ್ಳಿ. ಆಗ ಕೈಯಲ್ಲಿ ಹಣವಿದ್ದ ಡಾಕ್ಟರ ರೋಗಿಗಳು ಸಾಲಿನಲ್ಲಿ ಮುಂದೆ ಹೋಗುತ್ತಾರೆ, ಪಕ್ಕದ ಬೀದಿಯವರು ಹಿಂದುಳಿಯುತ್ತಾರೆ ಎಂಬ ದೂರು ಬಂತು. 1999ರಲ್ಲಿ ಅದು ನಿಂತಿತು. 2013ರ ಏಪ್ರಿಲ್‌ನಿಂದ ಇಂಗ್ಲೆಂಡಿನ ಎಲ್ಲ ಜಿಪಿ ಕ್ಲಿನಿಕ್‌ಗಳೂ 211 ಸ್ಥಳೀಯ ಗುಂಪುಗಳಲ್ಲಿ ಸೇರಲೇಬೇಕಾಯಿತು. ಒಂದು ಪ್ರದೇಶಕ್ಕೆ ಒಂದೇ ಗಂಟು. 2022ರಲ್ಲಿ ಅವುಗಳ ಜಾಗಕ್ಕೆ ಇನ್ನೂ ದೊಡ್ಡ ಮಂಡಳಿಗಳು ಬಂದವು.

ಗಂಟು ಒಂದಾದರೆ ಏನು ಬದಲಾಗುತ್ತದೆ ಎಂಬುದು ನನಗೆ ಆಫೀಸಿನಿಂದ ಗೊತ್ತು. ನನ್ನ ಟೀಮಿಗೇ ಬಜೆಟ್ ಇದ್ದಾಗ ಒಳ್ಳೆಯ ಟೆಸ್ಟರುಗಳನ್ನೆಲ್ಲ ನಾನೇ ಹಿಡಿದಿಟ್ಟುಕೊಳ್ಳುತ್ತಿದ್ದೆ, ತಪ್ಪೆಂದು ಅನಿಸುತ್ತಲೂ ಇರಲಿಲ್ಲ. ಐವರು ಮ್ಯಾನೇಜರುಗಳಿಗೆ ಒಂದೇ ಪೂಲ್ ಆದಮೇಲೆ, ನನಗೇಕೆ ಬೇಕು ಎಂದು ಉಳಿದ ನಾಲ್ವರ ಮುಖ ನೋಡಿ ಹೇಳಬೇಕಾಯಿತು. ಅರ್ಧ ಬೇಡಿಕೆ ಬಾಯಿಗೆ ಬರುವ ಮೊದಲೇ ಸತ್ತಿತು.

ಆದರೆ ರಿಲೀಸ್ ತಡವಾದರೆ ಯಾರೂ ನರಳುವುದಿಲ್ಲ. ನನ್ನ ಮಗಳಿಗೆ ಜ್ವರ ಬಂದಾಗ ಡಾಕ್ಟರು ಅವಳೊಬ್ಬಳನ್ನೇ ಯೋಚಿಸಲಿ, ಊರಿನ ಲೆಕ್ಕ ಕೋಣೆಯ ಹೊರಗಿರಲಿ ಎಂದೇ ನನ್ನ ಆಸೆ. ಪುಣೆಯಲ್ಲಿ ನನಗೆ ಅದು ಸಿಗುತ್ತದೆ. ನಮ್ಮ ಡಾಕ್ಟರು ಯೋಚಿಸದೆ ಸ್ಕ್ಯಾನ್ ಬರೆಯುತ್ತಾರೆ, ಮಿತಿ ಹಾಕುವುದು ನನ್ನ ಇನ್ಶೂರೆನ್ಸ್. ನಮ್ಮ ಮನೆಗೆಲಸದ ಮಾವಶಿ ಮಾತ್ರ ಎರಡು ವರ್ಷದಿಂದ ಮೊಣಕಾಲಿಗೆ ಬಾಮ್ ಹಚ್ಚಿಕೊಂಡು ಮೂರು ಮಹಡಿ ಹತ್ತುತ್ತಾರೆ. ಅವರಿಗೂ ಬೇಡ ಎಂದಾಗಿದೆ, ಹಾಗಂದವರು ಯಾರೂ ಇಲ್ಲ ಅಷ್ಟೆ. ಲೀಡ್ಸ್‌ನ ಡಾಕ್ಟರು ನನ್ನೆದುರು ಕೂತು ಬೇಡ ಎಂದಿದ್ದರು, ನಾನು ಜಗಳವಾಡಬಹುದಿತ್ತು.

ಹಾಗಾಗಿ ಡಾಕ್ಟರುಗಳು ಕೂಡಿ ಲೆಕ್ಕ ಹಾಕುವುದೇ ಸರಿ ಎನ್ನುತ್ತೇನೆ, ಒಂದು ಷರತ್ತಿನ ಮೇಲೆ: ಯಾವುದು ವೈದ್ಯಕೀಯ ಕಾರಣ, ಯಾವುದು ಹಣದ ಕಾರಣ ಎಂದು ರೋಗಿಗೆ ಬಿಡಿಸಿ ಹೇಳಬೇಕು. ಆಕೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ಆರು ವಾರಕ್ಕೆ ಕಾಲು ನೆಟ್ಟಗಾಯಿತು, ನೆಟ್ಟಗಾಗದೆಯೂ ಇರಬಹುದಿತ್ತು.