ಬಾಗಿಲು ಒಂದೇ ಇದ್ದರೆ ಒಪ್ಪಿಗೆ ಎಂದರೇನು?

2018ರ ನವೆಂಬರ್ ಕೊನೆಯ ವಾರ. ಚೀನಾದ ಶೆನ್‌ಝೆನ್‌ನ ವಿಜ್ಞಾನಿ ಹೆ ಜಿಯಾನ್‌ಕುಯಿ ಯೂಟ್ಯೂಬ್‌ನಲ್ಲಿ ಕಾಣಿಸಿಕೊಂಡು, ಲುಲು ಮತ್ತು ನಾನಾ ಎಂಬ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆ ಎಂದ. ಅವರಿನ್ನೂ ಒಂದೇ ಕೋಶವಾಗಿದ್ದಾಗ ಸಿಸಿಆರ್5 ಎಂಬ ಜೀನನ್ನು ತಿದ್ದಿದ್ದೇವೆ, ಇನ್ನು ಎಚ್‌ಐವಿ ಅವರನ್ನು ಮುಟ್ಟಲಾರದು ಅನ್ನೋದು ಅವನ ಮಾತು. ವಿಜ್ಞಾನ ಪತ್ರಿಕೆಯಲ್ಲಿ ಒಂದು ಪ್ರಬಂಧವೂ ಪ್ರಕಟವಾಗಿರಲಿಲ್ಲ. ವಿಡಿಯೊ ಮಾತ್ರ ರೆಡಿ ಇತ್ತು.

ಮಾಧ್ಯಮಗಳಿಗೆ ಹಬ್ಬ. 'ಡಿಸೈನರ್ ಬೇಬಿ', 'ದೇವರಾಗಲು ಹೊರಟ ವಿಜ್ಞಾನಿ' ಎಂಬ ಧಾಟಿಯ ತಲೆಬರಹಗಳು. ನನಗೆ ಈ ದೇವರ ತಕರಾರು ಅಷ್ಟೇನೂ ದೊಡ್ಡದು ಅನ್ನಿಸೋದಿಲ್ಲ. ಐವಿಎಫ್ ಬಂದಾಗಲೂ ಇದೇ ಮಾತು ಕೇಳಿಬಂದಿತ್ತು. ಟೆಸ್ಟ್ ಮಾಡದ ಕೋಡನ್ನು ಪ್ರೊಡಕ್ಷನ್‌ಗೆ ಬಿಟ್ಟರೆ ನಮ್ಮಲ್ಲಿ ರಾತ್ರೋರಾತ್ರಿ ರೋಲ್‌ಬ್ಯಾಕ್ ಮಾಡ್ತೀವಿ, ಇಲ್ಲಿ ಅದಿಲ್ಲ, ತಿದ್ದಿದ್ದು ಮೊಮ್ಮಕ್ಕಳಿಗೂ ಹೋಗಬಹುದು. ಇದು ನಿಜಕ್ಕೂ ಭಯದ ವಿಷಯ. ಆದರೆ ಸುದ್ದಿಯ ಗದ್ದಲದಲ್ಲಿ ಹೆಚ್ಚು ಜನ ಕೇಳದೇ ಬಿಟ್ಟ ಪ್ರಶ್ನೆ ಬೇರೆ: ಆ ಅಪ್ಪ ಅಮ್ಮ ಯಾಕೆ ಒಪ್ಪಿದರು?

ಅಪ್ಪನಿಗೆ ಎಚ್‌ಐವಿ ಇತ್ತು, ಅಮ್ಮನಿಗಿರಲಿಲ್ಲ. ಇಂಥ ದಂಪತಿಗೆ ಸೋಂಕಿಲ್ಲದ ಮಗು ಪಡೆಯಲು ಜೀನ್ ತಿದ್ದುವ ಅಗತ್ಯವೇ ಇಲ್ಲ. ವೀರ್ಯವನ್ನು ತೊಳೆದು, ವೀರ್ಯಾಣುಗಳನ್ನು ಬೇರ್ಪಡಿಸಿ ಬಳಸುವ ವಿಧಾನ ಎಷ್ಟೋ ಮೊದಲೇ ಇತ್ತು. ಈ ಪ್ರಯೋಗದಲ್ಲೂ ಅದನ್ನೇ ಮಾಡಿದ್ದರು! ಹಾಗಾದರೆ ಸುಮ್ಮನೆ ಒಂದು ಐವಿಎಫ್ ಕ್ಲಿನಿಕ್‌ಗೆ ಹೋಗಬಹುದಿತ್ತಲ್ವಾ? ಹೋಗುವಂತಿರಲಿಲ್ಲ. ಚೀನಾದ ಆಗಿನ ನಿಯಮದ ಪ್ರಕಾರ ಎಚ್‌ಐವಿ ಇದ್ದವರಿಗೆ ಆ ಚಿಕಿತ್ಸೆ ಇರಲಿಲ್ಲ. ಈ ತಂಡದವರು ರಕ್ತಪರೀಕ್ಷೆಗೆ ಬೇರೆಯವರನ್ನು ಕಳಿಸಿ ಕಣ್ತಪ್ಪಿಸಿದ್ದೂ ಆಮೇಲೆ ಹೊರಬಂತು. ಮಗು ಬೇಕು ಅಂತ ಬಂದವರಿಗೆ ತೆರೆದಿದ್ದ ಬಾಗಿಲು ಇದೊಂದೇ, ಖರ್ಚೂ ಅವರದ್ದಲ್ಲ. ಸಹಿ ಹಾಕಿದ ಕಾಗದದಲ್ಲಿ ಇದನ್ನು ಕರೆದದ್ದು 'ಏಡ್ಸ್ ಲಸಿಕೆ ಅಭಿವೃದ್ಧಿ ಯೋಜನೆ' ಎಂದು.

ನಾವು ಕೂಡ ಓದದೇ 'ಐ ಅಗ್ರೀ' ಒತ್ತುವವರೇ, ಸರಿ. ಬೇಡ ಅನ್ನಿಸಿದ ದಿನ ಆ್ಯಪನ್ನು ಕಿತ್ತು ಹಾಕ್ತೀವಿ. ಮದುವೆಯಾಗಿ ಎರಡು ವರ್ಷಕ್ಕೇ 'ಏನಮ್ಮಾ, ವಿಶೇಷ ಏನೂ ಇಲ್ವಾ?' ಅಂತ ಜಗುಲಿ ಮೇಲೆ ಕೂರಿಸಿ ಕೇಳುವ ಊರಲ್ಲಿ ಬೆಳೆದವನು ನಾನು. ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಜನ ಎಂಥ ಕಾಗದಕ್ಕೂ ಸಹಿ ಹಾಕ್ತಾರೆ ಅಂತ ನಂಬೋದು ನನಗೆ ಕಷ್ಟವಲ್ಲ.

'ಇಂದು ಬೈದವರೇ ನಾಳೆ ಹೊಗಳ್ತಾರೆ, ಸುಭಾಷ್ ಮುಖರ್ಜಿಗೆ ಹಾಗೇ ಆಗಲಿಲ್ವಾ' ಅಂತ ವಾದಿಸಬಹುದು. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಳು. ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಮುಖರ್ಜಿಯವರ ಪ್ರಯತ್ನದಿಂದ 'ದುರ್ಗಾ' ಹುಟ್ಟಿದಳು. ಸರ್ಕಾರದ ಸಮಿತಿ ಅವರನ್ನು ನಂಬಲಿಲ್ಲ, 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಅವರ ಟಿಪ್ಪಣಿಗಳನ್ನು ಓದಿ, ಭಾರತದ ಮೊದಲಿಗರು ಅವರೇ ಎಂದು 1997ರಲ್ಲಿ ಒಪ್ಪಿದವರು, ಅಲ್ಲಿಯವರೆಗೆ ಆ ಹೆಸರು ಪಡೆದಿದ್ದ ಟಿ.ಸಿ. ಆನಂದ್ ಕುಮಾರ್. ದೊಡ್ಡ ಮನಸ್ಸು ಅಂದ್ರೆ ಅದು.

ಆದರೆ ಹೋಲಿಕೆ ಇಲ್ಲಿಗೇ ನಿಲ್ಲುತ್ತೆ. ದುರ್ಗಾಳ ತಾಯಿಯ ಫೆಲೋಪಿಯನ್ ನಾಳಗಳು ಮುಚ್ಚಿದ್ದವು. ಆ ಪ್ರಯೋಗವೇ ಆಕೆಗೆ ಮಗುವಿನ ದಾರಿ. ಲುಲು-ನಾನಾ ಅಪ್ಪ ಅಮ್ಮನಿಗೆ ಪ್ರಯೋಗ ದಾರಿಯಾಗಿರಲಿಲ್ಲ, ದಾರಿಯಲ್ಲಿ ಕಟ್ಟಬೇಕಾದ ಸುಂಕವಾಗಿತ್ತು. ಅದನ್ನು ಕಟ್ಟಿದ್ದು ಮಕ್ಕಳು.

2019ರ ಡಿಸೆಂಬರ್‌ನಲ್ಲಿ ಅವನಿಗೆ ಮೂರು ವರ್ಷ ಜೈಲು, 30 ಲಕ್ಷ ಯುವಾನ್ ದಂಡ ಆಯಿತು. ಸುದ್ದಿ ಅಲ್ಲಿಗೆ ತಣ್ಣಗಾಯಿತು. ಹುಡುಗಿಯರನ್ನು 18 ವರ್ಷದವರೆಗೆ ಗಮನಿಸುತ್ತೇವೆ, ಆಮೇಲೆ ಅವರನ್ನೇ ಕೇಳುತ್ತೇವೆ ಎಂದು ಅವನು ಹಾಂಗ್‌ಕಾಂಗ್‌ನ ಸಮ್ಮೇಳನದಲ್ಲಿ ಹೇಳಿದ್ದ. ಅಂದರೆ 2036. ಆಗ ಅವರ ಮುಂದೆ ಯಾರೋ ಇನ್ನೊಂದು ಕಾಗದ ಇಡ್ತಾರೆ. ಅದರಲ್ಲಾದರೂ, 'ಬೇಡ' ಅಂದರೂ ನಿಮಗೆ ಸಿಗುವ ಚಿಕಿತ್ಸೆ ನಿಲ್ಲೋದಿಲ್ಲ ಅಂತ ಒಂದು ಸಾಲು ಇರಬೇಕು.