ಯಾವ ಮುಖ ಇಟ್ಟುಕೊಂಡು ಬರಲಿ?



ಕೆಲವು ವರ್ಷಗಳ ಹಿಂದೆ ಒಂದು ಅಂತ್ಯಕ್ರಿಯೆ ಮುಗಿಸಿಕೊಂಡು ಸಮಾಧಿ ತೋಟದಿಂದ ಹೊರಗೆ ಬರುತ್ತಿದ್ದೆ. ಗೇಟಿನ ಪಕ್ಕದಲ್ಲಿ ನಿಂತಿದ್ದ ಒಬ್ಬರು ಹತ್ತಿರ ಬಂದು ಕೈಮುಗಿದರು. "ಫಾದರ್, ನಾನು ಪೂಜೆಗೆ ಬರೋದು ಬಿಟ್ಟು ನಾಲ್ಕು ವರ್ಷ ಆಯ್ತು. ನಂಬಿಕೆ ಇದೆಯೋ ಹೋಗಿದೆಯೋ ನನಗೇ ಗೊತ್ತಿಲ್ಲ. ಈಗ ಬರೋಣ ಅಂತ ಮನಸ್ಸಾದ್ರೂ ಯಾವ ಮುಖ ಇಟ್ಕೊಂಡು ಬರಲಿ?" ಎಂದರು.

ಅವರು ನನಗೆ ಹೊಸಬರಲ್ಲ. ಅವರ ಹೆಂಡತಿ ಕ್ಯಾನ್ಸರಿನಿಂದ ನರಳುತ್ತಿದ್ದಾಗ ಆ ಮನೆಯವರು ಮಾಡದ ನೊವೇನ ಇರಲಿಲ್ಲ, ಹೊರದ ಹರಕೆ ಇರಲಿಲ್ಲ. ವೇಳಾಂಗಣಿ ಮಾತೆಯ ಬಳಿಗೆ ಎರಡು ಸಲ ಹೋಗಿಬಂದಿದ್ದರು. ಆಕೆ ಉಳಿಯಲಿಲ್ಲ. ತಿಂಗಳ ಪೂಜೆ ಮುಗಿದ ದಿನ ಅವರು, "ನಾವು ಇಷ್ಟೆಲ್ಲ ಬೇಡಿದ್ದು ಯಾರಿಗೆ ಕೇಳಿಸ್ತು ಫಾದರ್?" ಎಂದು ಕೇಳಿದ್ದರು. ನಾನು ದೇವರ ಚಿತ್ತದ ಬಗ್ಗೆ ಹತ್ತು ನಿಮಿಷ ಉಪದೇಶ ಮಾಡಿದೆ. ಅವರು ತಲೆತಗ್ಗಿಸಿ ಕೇಳಿದರು, ಹೋದರು, ಮುಂದಿನ ಭಾನುವಾರ ಬರಲಿಲ್ಲ. ನಾನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅವರು ಕೇಳಿದ್ದು ಉಪದೇಶವನ್ನಲ್ಲ. ಅವರ ಜೊತೆ ಸುಮ್ಮನೆ ಕುಳಿತು ಒಂದು ಲೋಟ ಕಾಫಿ ಕುಡಿದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ವಿಶ್ವಾಸವನ್ನು ಬಿಡಬೇಕೆನ್ನುವ ಶೋಧನೆ ನಿಮಗೂ ಬಂದಿರಬಹುದು. ಕಾರಣಗಳು ನೂರು. ಬೇಡಿದ್ದು ಸಿಗಲಿಲ್ಲ. ಗುರುಗಳೊಬ್ಬರು ಎಲ್ಲರೆದುರಿಗೆ ಗದರಿಸಿದರು. ಮದುವೆಯ ವಿಷಯದಲ್ಲಿ ಧರ್ಮಕೇಂದ್ರದ ಕಚೇರಿಗೆ ಅಲೆದಲೆದು ಸಾಕಾಯಿತು. ಭಾಷೆಯ ಹೆಸರಿನಲ್ಲಿ ನಮ್ಮ ದೇವಾಲಯಗಳಲ್ಲಿ ನಡೆದ ಜಗಳ ನೋಡಿ ಮನಸ್ಸು ಮುರಿಯಿತು. ಗುರುಗಳ ಪಾಪಗಳು ಪತ್ರಿಕೆಯಲ್ಲಿ ಬಂದವು. ಇನ್ನು ಕೆಲವರಿಗೆ ಇಂಥ ಯಾವ ಕಾರಣವೂ ಇಲ್ಲ. ಜಪಸರ ಹಿಡಿದರೆ ಮನಸ್ಸು ಕಲ್ಲಿನ ಹಾಗಿರುತ್ತದೆ, ಅಷ್ಟೇ. ಇವುಗಳಲ್ಲಿ ಒಂದನ್ನೂ ನಾನು ಸಣ್ಣದೆಂದು ತಳ್ಳಿಹಾಕುವುದಿಲ್ಲ. ಆದರೆ ಇಷ್ಟು ವರ್ಷಗಳ ಸೇವೆಯಲ್ಲಿ ನಾನು ಕಂಡದ್ದೇನೆಂದರೆ, ಬಿಟ್ಟುಹೋಗಲು ಕಾರಣ ನೂರಿದ್ದರೂ, ಹೋದವರು ಮರಳಿ ಬಾರದಿರಲು ಬಹುಮಟ್ಟಿಗೆ ಒಂದೇ ಕಾರಣ. ಅದು ಅವಿಶ್ವಾಸವಲ್ಲ, ನಾಚಿಕೆ.

ಕಫೆರ್ನವುಮಿನಲ್ಲಿ ಏನಾಯಿತೆಂದು ನೆನಪು ಮಾಡಿಕೊಳ್ಳಿ. ಸಂತ ಯೊವಾನ್ನರ ಶುಭಸಂದೇಶದ 6ನೇ ಅಧ್ಯಾಯ. ಐದು ಸಾವಿರ ಮಂದಿಗೆ ಪ್ರಭು ರೊಟ್ಟಿ ಕೊಟ್ಟಿದ್ದಾರೆ. ಜನ ಹಿಂದೆಯೇ ಬಂದಿದ್ದಾರೆ. ತಮ್ಮ ಮಾಂಸವೇ ಆಹಾರ, ತಮ್ಮ ರಕ್ತವೇ ಪಾನ ಎಂದು ಪ್ರಭು ಹೇಳಿದ್ದೇ ತಡ, ಇದು ಕೇಳಲಾಗದ ಮಾತು ಎಂದು ಶಿಷ್ಯರಲ್ಲೇ ಅನೇಕರು ಎದ್ದುಹೋಗುತ್ತಾರೆ. ಪ್ರಭು ಅವರ ಹಿಂದೆ ಓಡಿ ಮಾತನ್ನು ಮೆದುಗೊಳಿಸಲಿಲ್ಲ. ಉಳಿದ ಹನ್ನೆರಡು ಮಂದಿಯ ಕಡೆ ತಿರುಗಿ, ನೀವೂ ಹೋಗಬೇಕೆಂದಿದ್ದೀರಾ ಎಂದು ಕೇಳಿದರು. ಪೇತ್ರನ ಉತ್ತರ ನಿಮಗೆ ಗೊತ್ತು. ಎಲ್ಲ ಅರ್ಥವಾಯಿತು ಎಂದು ಅವನು ಹೇಳಲಿಲ್ಲ. ನಿಮ್ಮನ್ನು ಬಿಟ್ಟು ಇನ್ಯಾರ ಬಳಿಗೆ ಹೋಗೋಣ, ನಿತ್ಯಜೀವದ ಮಾತು ನಿಮ್ಮಲ್ಲೇ ಇದೆಯಲ್ಲ ಎಂದ. ಅರ್ಥವಾಗದ ಮನುಷ್ಯನೂ ಆಡಬಹುದಾದ ಮಾತಿದು. ಲಿಸಿಯೇದ ಸಂತ ತೆರೇಸಾ 1896ರ ಪಾಸ್ಖ ಕಾಲದಿಂದ ಮರುವರ್ಷ ಸಾಯುವವರೆಗೂ ಸ್ವರ್ಗವೆಂಬುದು ಇದೆಯೋ ಇಲ್ಲವೋ ಎಂಬ ಕತ್ತಲಲ್ಲೇ ಬದುಕಿದರು. ಕೊಲ್ಕತ್ತದ ಮದರ್ ತೆರೇಸಾ ಹತ್ತಾರು ವರ್ಷ ಅಂಥದೇ ಕತ್ತಲಲ್ಲಿದ್ದರೆಂಬುದು 2007ರಲ್ಲಿ ಅವರ ಪತ್ರಗಳು ಅಚ್ಚಾದ ಮೇಲೆ ಲೋಕಕ್ಕೆ ತಿಳಿಯಿತು. ಹಾಗಾಗಿ, ಮನಸ್ಸಿಗೆ ಏನೂ ಅನ್ನಿಸುತ್ತಿಲ್ಲ ಎಂಬುದರಿಂದ ನಂಬಿಕೆ ಸತ್ತಿದೆ ಎಂದು ತೀರ್ಮಾನಿಸಬೇಡಿ.

ಆದರೆ ಅದೇ ಪೇತ್ರ ಮುಂದೆ ಏನು ಮಾಡಿದ? ಪ್ರಧಾನ ಯಾಜಕನ ಅಂಗಳದಲ್ಲಿ, ಕೆಂಡದ ಬೆಂಕಿಯ ಎದುರು, ಆತ ಯಾರೋ ನನಗೆ ಗೊತ್ತಿಲ್ಲ ಎಂದು ಮೂರು ಸಲ ಹೇಳಿದ. ಈ ಪೇತ್ರನನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಈಗ ನಿಮ್ಮನ್ನು ದೂರದ ಜಪಾನಿಗೆ ಕರೆದೊಯ್ಯುತ್ತೇನೆ.

ಜಪಾನ್ ನಮಗೆ ಅಷ್ಟೇನೂ ದೂರವಲ್ಲ. ಆ ನಾಡಿಗೆ ಶುಭಸಂದೇಶ ತಲುಪಿಸಿದವರು ಗೋವೆಯಿಂದ ಹೊರಟು 1549ರಲ್ಲಿ ಅಲ್ಲಿ ಇಳಿದ ಸಂತ ಫ್ರಾನ್ಸಿಸ್ ಕ್ಸೇವಿಯರರು. ನಮ್ಮ ಹಳ್ಳಿಗಳಲ್ಲಿ ಚೌರಪ್ಪ, ಚೌರಮ್ಮ ಎಂದು ಮಕ್ಕಳಿಗೆ ಹೆಸರಿಟ್ಟಿರುವುದು ಅವರ ನೆನಪಿಗೇ. 1597ರಲ್ಲಿ ನಾಗಸಾಕಿಯಲ್ಲಿ ಶಿಲುಬೆಗೇರಿದ 26 ಮಂದಿ ರಕ್ತಸಾಕ್ಷಿಗಳಲ್ಲಿ ಮುಂಬಯಿ ಬಳಿಯ ವಸಾಯಿಯ ಸಂತ ಗೊನ್ಸಾಲೊ ಗಾರ್ಸಿಯಾ ಒಬ್ಬರು. 1614ರಲ್ಲಿ ಅಲ್ಲಿನ ಸರ್ಕಾರ ಕ್ರೈಸ್ತ ಧರ್ಮವನ್ನೇ ನಿಷೇಧಿಸಿತು. ಗುರುಗಳನ್ನು ಗಡೀಪಾರು ಮಾಡಿತು, ಅಡಗಿ ಉಳಿದವರನ್ನು ಹುಡುಕಿ ಕೊಂದಿತು. 1640ರ ದಶಕದ ನಂತರ ವಿಶ್ವಾಸಿಗಳಿಗೆ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಪರಮಪ್ರಸಾದವಿಲ್ಲ. ಹೀಗೆ ಇನ್ನೂರು ವರ್ಷಕ್ಕೂ ಹೆಚ್ಚು.

ಅಷ್ಟೇ ಅಲ್ಲ. ನಾಗಸಾಕಿಯ ಸುತ್ತಲಿನ ಊರುಗಳಲ್ಲಿ ಪ್ರತಿ ಹೊಸ ವರ್ಷದ ದಿನಗಳಲ್ಲಿ ಅಧಿಕಾರಿಗಳ ಮುಂದೆ ಜನರೆಲ್ಲ ಸಾಲಾಗಿ ನಿಲ್ಲಬೇಕಿತ್ತು. ನೆಲದ ಮೇಲೆ ಪ್ರಭುವಿನ ಅಥವಾ ಮಾತೆ ಮರಿಯಮ್ಮನವರ ಚಿತ್ರ. ಅದನ್ನು ಬರಿಗಾಲಲ್ಲಿ ತುಳಿದು ಮುಂದೆ ಹೋಗಬೇಕು. ತುಳಿಯದವನು ಕ್ರೈಸ್ತ, ಅವನಿಗೆ ಸೆರೆ, ಹಿಂಸೆ. ಮುದುಕರು, ಬಸುರಿಯರು, ಮಕ್ಕಳು, ಯಾರಿಗೂ ವಿನಾಯಿತಿ ಇರಲಿಲ್ಲ. ಅನೇಕರು ತುಳಿಯದೆ ಪ್ರಾಣ ಕೊಟ್ಟರು. ಧರ್ಮಸಭೆ ಪೀಠದ ಮೇಲೆ ಗೌರವಿಸುವುದು ಅವರನ್ನು. ಆದರೆ ಉಳಿದವರು? ಅವರು ತುಳಿದರು.

ಸರಿ ಎಂದು ನಾನು ಹೇಳುತ್ತಿಲ್ಲ. ಸರಿ ಎಂದು ಅವರೂ ಅಂದುಕೊಳ್ಳಲಿಲ್ಲ, ನೋಡಿ. ಇಡೀ ವಿಷಯ ಇರುವುದು ಇಲ್ಲೇ. ಪರಿಪೂರ್ಣ ಪಶ್ಚಾತ್ತಾಪದ ಬಗ್ಗೆ 1603ರಲ್ಲಿ ಜಪಾನಿನ ಮಿಷನರಿಗಳು ಅಲ್ಲಿನ ಭಾಷೆಯಲ್ಲೇ ಒಂದು ಪುಟ್ಟ ಪುಸ್ತಕ ಅಚ್ಚು ಹಾಕಿಸಿದ್ದರು. ಗುರುಗಳು ಸಿಗದಿದ್ದಾಗ, ಶಿಕ್ಷೆಯ ಭಯದಿಂದಲ್ಲದೆ ದೇವರ ಮೇಲಿನ ಪ್ರೀತಿಯಿಂದಲೇ ತನ್ನ ಪಾಪಕ್ಕೆ ದುಃಖಪಟ್ಟು, ಗುರುಗಳು ಸಿಕ್ಕಿದ ಕೂಡಲೇ ಪಾಪನಿವೇದನೆ ಮಾಡುವೆನೆಂದು ನಿಶ್ಚಯಿಸುವವನಿಗೆ ದೇವರ ಕ್ಷಮೆ ಉಂಟು. ಇದು ಧರ್ಮಸಭೆಯ ಬೋಧನೆ, ಆ ಪುಸ್ತಕದ ಸಾರವೂ ಇದೇ. ಅಚ್ಚಾದ ಪ್ರತಿಗಳು ನಾಶವಾದ ಮೇಲೆ ಜನ ಅದನ್ನು ಕೈಯಲ್ಲಿ ಬರೆದಿಟ್ಟುಕೊಂಡರು. ಜಪವನ್ನು ಬಾಯಿಪಾಠ ಮಾಡಿ ಮಕ್ಕಳಿಗೆ ಕಲಿಸಿದರು. ಹಗಲು ಪ್ರಭುವಿನ ಮುಖವನ್ನು ತುಳಿದು ಬಂದವರು ಮನೆಯ ಬಾಗಿಲು ಹಾಕಿಕೊಂಡು ಪಶ್ಚಾತ್ತಾಪದ ಆ ಜಪ ಹೇಳುತ್ತಿದ್ದರು. ಮರುವರ್ಷ ಮತ್ತೆ ಅದೇ ಸಾಲು, ಅದೇ ಚಿತ್ರ, ಅದೇ ಜಪ. ಅಪ್ಪ, ಮಗ, ಮೊಮ್ಮಗ. "ಇಷ್ಟು ತುಳಿದ ಮೇಲೆ ಇನ್ನು ಯಾವ ಮುಖ ಇಟ್ಟುಕೊಂಡು ಜಪ ಮಾಡಲಿ" ಎಂದು ಅವರಲ್ಲಿ ಒಂದು ತಲೆಮಾರು ಕೈಬಿಟ್ಟಿದ್ದರೂ ಅಲ್ಲಿಗೆ ಎಲ್ಲವೂ ಮುಗಿಯುತ್ತಿತ್ತು.

1865ರ ಹೊತ್ತಿಗೆ ನಾಗಸಾಕಿಯಲ್ಲಿ ವಿದೇಶಿಯರಿಗಾಗಿ ಒಂದು ದೇವಾಲಯ ಕಟ್ಟಿದ್ದರು. ಅಲ್ಲಿದ್ದ ಗುರುಗಳು ಫಾದರ್ ಪೆಟಿಜಾನ್. ನಮ್ಮ ಮೈಸೂರು ಸೀಮೆಯಲ್ಲಿ ಸೇವೆ ಸಲ್ಲಿಸಿದ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಗೇ ಸೇರಿದವರು. ಆ ವರ್ಷ ಮಾರ್ಚ್ 17ರಂದು ಉರಕಾಮಿ ಎಂಬ ಊರಿನ ಹತ್ತು ಹದಿನೈದು ಮಂದಿ ಬಾಗಿಲ ಬಳಿ ಬಂದು ನಿಂತರು. ಗುರುಗಳು ಪೀಠದ ಮುಂದೆ ಮೊಣಕಾಲೂರಿದ್ದಾಗ ಒಬ್ಬ ಹೆಂಗಸು ಮೆಲ್ಲಗೆ ಹತ್ತಿರ ಬಂದು, ನಮ್ಮ ಹೃದಯವೂ ನಿಮ್ಮ ಹೃದಯವೂ ಒಂದೇ ಎಂಬರ್ಥದ ಮಾತಾಡಿ, ಸಾಂತಾ ಮರಿಯಾ ಎಲ್ಲಿದ್ದಾರೆ ಎಂದು ಕೇಳಿದಳು. ನಾವು ಈಗ ದುಃಖದ ಕಾಲದ 17ನೇ ದಿನದಲ್ಲಿದ್ದೇವೆ ಎಂದೂ ಅವರು ಹೇಳಿದರು. ಪಂಚಾಂಗ ತೆಗೆದು ನೋಡಿ, ಆ ವರ್ಷ ವಿಭೂತಿ ಬುಧವಾರ ಬಿದ್ದದ್ದು ಮಾರ್ಚ್ 1ರಂದು. ಗುರುಗಳಿಲ್ಲದ ಇನ್ನೂರು ಚಿಲ್ಲರೆ ವರ್ಷ ಅವರು ತಪಸ್ಸು ಕಾಲದ ದಿನಗಳನ್ನು ಒಂದೂ ತಪ್ಪದೆ ಎಣಿಸಿಕೊಂಡು ಬಂದಿದ್ದರು. ದೇವಾಲಯದ ಗಂಟೆ ಕಿವಿಗೆ ಬೀಳುವಷ್ಟು ಹತ್ತಿರವಿರುವ ನಾವು ಶುಕ್ರವಾರ ಯಾವುದೆಂದು ಮರೆಯುತ್ತೇವೆ!

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ನಿಷೇಧ ಇನ್ನೂ ಜಾರಿಯಲ್ಲಿತ್ತು. 1867ರ ಜುಲೈಯಲ್ಲಿ ಉರಕಾಮಿಯ 68 ಮಂದಿಯನ್ನು ಹಿಡಿದರು. ಹಿಂಸೆ ತಾಳಲಾರದೆ ಹೆಚ್ಚಿನವರು ಧರ್ಮ ಬಿಟ್ಟೆವೆಂದು ಒಪ್ಪಿಕೊಟ್ಟು ಮನೆಗೆ ಬಂದರು. ತಕಾಗಿ ಸೆನ್‌ಎಮೊನ್ ಎಂಬಾತ ಮಾತ್ರ ಬಗ್ಗಲಿಲ್ಲ. ಅವನನ್ನೂ ಕೊನೆಗೆ ಮನೆಗೆ ಕಳಿಸಿದರು. ಅವನನ್ನು ಕಂಡ ಮೇಲೆ ಬಗ್ಗಿದವರಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಅವರು ಊರ ಮುಖ್ಯಸ್ಥನ ಮನೆಗೆ ಹೋಗಿ, ನಾವು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ, ನಾವು ಕ್ರೈಸ್ತರೇ ಎಂದು ಹೇಳಿದರು. ಹಿಂಸೆಯ ರುಚಿ ಕಂಡವರು, ಮತ್ತೆ ಅದೇ ಹಿಂಸೆ ಕಾದಿದೆ ಎಂದು ಗೊತ್ತಿದ್ದವರು. ಮುಂದಿನ ಮೂರು ವರ್ಷಗಳೊಳಗೆ ಆ ಊರಿನ ಸುಮಾರು 3,400 ಮಂದಿಯನ್ನು ದೇಶದ ಮೂಲೆ ಮೂಲೆಗೆ ಗಡೀಪಾರು ಮಾಡಿದರು. 600ಕ್ಕೂ ಹೆಚ್ಚು ಮಂದಿ ಅಲ್ಲೇ ಸತ್ತರು. 1873ರಲ್ಲಿ ಉಳಿದವರು ಮನೆಗೆ ಮರಳಿದಾಗ ಅವರಲ್ಲಿ ಸೋತವರೂ ಇದ್ದರು, ಸೋಲದವರೂ ಇದ್ದರು. ಒಂದೇ ಊರು, ಒಂದೇ ಪೀಠ. 1880ರಲ್ಲಿ ದೇವಾಲಯಕ್ಕೆಂದು ಅವರು ಕೊಂಡುಕೊಂಡ ಜಾಗ ಯಾವುದು ಗೊತ್ತೇ? ಅದೇ ಮುಖ್ಯಸ್ಥನ ಮನೆಯ ಜಾಗ. ತಲೆಮಾರುಗಳ ಕಾಲ ವರ್ಷವರ್ಷವೂ ಅವರ ಹಿರಿಯರು ಪ್ರಭುವಿನ ಚಿತ್ರವನ್ನು ತುಳಿದ ನೆಲ.

ನಮ್ಮ ಕರಾವಳಿಯ ಕಥೋಲಿಕರಿಗೆ ಇದು ತೀರ ಹೊಸ ಕಥೆಯಲ್ಲ. 1784ರಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ ಅವರ ಹಿರಿಯರು 1799ರ ನಂತರ ಊರಿಗೆ ಮರಳಿದಾಗ, ಅವರಲ್ಲಿ ಒತ್ತಾಯಕ್ಕೆ ಧರ್ಮ ಬದಲಿಸಿದವರೂ ಇದ್ದರು. ಅವರು ಮತ್ತೆ ಬಂದರು, ಧರ್ಮಸಭೆ ಮತ್ತೆ ಸೇರಿಸಿಕೊಂಡಿತು. ಇಂದು ನಾವು ಅಂಥವರ ವಂಶದವರಿಂದ ಪೂಜೆ ಕೇಳುತ್ತಿದ್ದೇವೆ.

ಪೇತ್ರನನ್ನು ಅಂಗಳದಲ್ಲೇ ಬಿಟ್ಟು ಬಂದಿದ್ದೇವೆ. ಪುನರುತ್ಥಾನದ ನಂತರ ಗಲಿಲೇಯ ಸರೋವರದ ದಡದಲ್ಲಿ ಪ್ರಭು ಮೀನು ಸುಡುತ್ತಿದ್ದಾರೆ. ಅಲ್ಲಿಯೂ ಕೆಂಡದ ಬೆಂಕಿ ಎಂದು ಸಂತ ಯೊವಾನ್ನರು ಬರೆಯುತ್ತಾರೆ. ಕೆಂಡ ಕಂಡಾಗ ಪೇತ್ರನಿಗೆ ಏನು ನೆನಪಾಗಿರಬೇಕು! ಆದರೂ ಅವನು ದೋಣಿಯಲ್ಲಿ ಅಡಗಿ ಕೂರಲಿಲ್ಲ. ದಡದಲ್ಲಿರುವವರು ಪ್ರಭು ಎಂದು ತಿಳಿದ ಕೂಡಲೇ ಬಟ್ಟೆ ಸುತ್ತಿಕೊಂಡು ನೀರಿಗೆ ಹಾರಿದ. ಯೂದನೂ ದುಃಖಪಟ್ಟವನೇ, ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೆಸೆದವನೇ. ಅವನು ಮಾತ್ರ ಪ್ರಭುವಿನ ಮುಖ ನೋಡಲು ಬರಲಿಲ್ಲ.

ಮನೆಯಲ್ಲಿ, ಬೀದಿಯಲ್ಲಿ ಬಿಟ್ಟುಹೋದವರಿರುವ ನಿಮಗೂ ಒಂದು ಮಾತು ಹೇಳಬೇಕು. ನಾಲ್ಕು ವರ್ಷದ ಮೇಲೆ ಯಾರಾದರೂ ದೇವಾಲಯದ ಮೆಟ್ಟಿಲು ಹತ್ತಿದರೆ, "ಏನಪ್ಪಾ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?" ಎನ್ನಬೇಡಿ. ನೀವು ತಮಾಷೆಗೆ ಅಂದಿರುತ್ತೀರಿ. ಅವರು ಆ ಮಾತನ್ನೇ ಹೆದರಿ ನಾಲ್ಕು ವರ್ಷ ಹೊರಗಿದ್ದಿರುತ್ತಾರೆ. ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಕೊಡಿ, ಸಾಕು. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಪೂಜೆ ಬಿಟ್ಟಿದ್ದಾರೆಂದು ಪ್ರತಿ ಫೋನಿನಲ್ಲೂ ಗದರಿಸುವ ತಾಯಂದಿರೇ, ಮನೆಯ ಜಪಸರದಲ್ಲಿ ಅವರ ಹೆಸರು ಹೇಳುವುದನ್ನು ಮಾತ್ರ ನಿಲ್ಲಿಸಬೇಡಿ.

ಹೊರಗಿರುವವರೇ, ಈ ಪತ್ರಿಕೆ ಹೇಗೋ ನಿಮ್ಮ ಕೈಗೆ ಬಂದಿದೆ. ಇಂದು ರಾತ್ರಿ ಮಲಗುವ ಮುನ್ನ, ಮೊದಲ ಪರಮಪ್ರಸಾದಕ್ಕೆ ಮೊದಲು ಕಲಿತ ಪಶ್ಚಾತ್ತಾಪದ ಜಪವನ್ನು ಒಮ್ಮೆ ಹೇಳಿ ನೋಡಿ. ಮಾತು ಮರೆತಿದ್ದರೆ ನಿಮ್ಮ ಮಾತಲ್ಲೇ ಹೇಳಿ. ಕೋಪವಿದ್ದರೆ ಅದನ್ನೂ ಹೇಳಿ. ಮದುವೆಯ ತೊಡಕಿನಿಂದಾಗಿ ಪರಮಪ್ರಸಾದ ಸ್ವೀಕರಿಸಲಾಗದ ಸ್ಥಿತಿಯಲ್ಲಿದ್ದೀರಾ? ಪೂಜೆಗೆ ಬರಲು, ಜಪ ಮಾಡಲು ನಿಮಗೆ ಯಾವ ಅಡ್ಡಿಯೂ ಇಲ್ಲ. ಬನ್ನಿ, ತೊಡಕನ್ನು ಗುರುಗಳ ಮುಂದೆ ಬಿಚ್ಚಿಡಿ. ನಿಮ್ಮ ಊರಿನ ಗುರುಗಳ ಮುಂದೆ ಹೋಗಲು ಸಂಕೋಚವಾದರೆ ಪಕ್ಕದ ಊರಿಗೆ ಹೋಗಿ, ಅದರಲ್ಲಿ ತಪ್ಪಿಲ್ಲ.

ಸಮಾಧಿ ತೋಟದ ಗೇಟಿನಲ್ಲಿ ಸಿಕ್ಕಿದವರಿಗೆ ಈ ಸಲ ನಾನು ಉಪದೇಶ ಮಾಡಲಿಲ್ಲ. ಒಟ್ಟಿಗೆ ಬಸ್ಸಿನ ತನಕ ನಡೆದೆವು. ದಾರಿಯಲ್ಲಿ ಹೆಂಡತಿಯ ಬಗ್ಗೆ ಏನೇನೋ ಹೇಳಿದರು, ಒಮ್ಮೆ ನಕ್ಕರು ಕೂಡ. ಕೊನೆಗೆ, "ಪಾಪನಿವೇದನೆಗೆ ಬಂದ್ರೆ ಎಷ್ಟು ದಿನ ಆಯ್ತು ಅಂತ ಮೊದಲು ಹೇಳಬೇಕಲ್ಲ ಫಾದರ್, ಲೆಕ್ಕ ಸರಿಯಾಗಿ ಸಿಗ್ತಿಲ್ಲ" ಎಂದರು.

"ತುಂಬಾ ವರ್ಷ ಆಯ್ತು ಅನ್ನಿ, ಸಾಕು" ಎಂದೆ. ಶನಿವಾರ ಸಂಜೆ ಐದರಿಂದ ನಾನು ಅಲ್ಲೇ ಕುಳಿತಿರುತ್ತೇನೆ.